ಬಾಗಿಲು ಕಾದವನ ಮುಪ್ಪು

ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಸುತ್ತಿನ ನಮ್ಮ ಹಳ್ಳಿಗಳಲ್ಲಿ ನಾಯಿಯಿಲ್ಲದ ಹೊಲಮನೆ ಅಪರೂಪ. ರಾಗಿಯ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯ ಕಾಡಿನಿಂದ ಆನೆಗಳು ಹೊಲಗಳಿಗೆ ಇಳಿಯುತ್ತವೆ. ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕುಳಿತ ರೈತನಿಗೆ ಆನೆಯ ಸುಳಿವನ್ನು ಮೊದಲು ತಿಳಿಸುವುದು ಕೆಳಗೆ ಮಲಗಿದ ನಾಯಿಯೇ. ರೈತನ ಕಿವಿಗೆ ಕಬ್ಬಿನ ಸದ್ದು ಯಾವುದು, ಆನೆಯ ಸದ್ದು ಯಾವುದು ಎಂಬುದು ತಿಳಿಯುವ ಮೊದಲೇ ನಾಯಿಯ ಮೂಗಿಗೆ ಅದು ತಿಳಿದಿರುತ್ತದೆ. ಹೀಗೆ ಹತ್ತು ಹನ್ನೆರಡು ವರ್ಷ ದುಡಿದ ಪ್ರಾಣಿಗೆ ಒಂದು ದಿನ ಮೂಗು ಮಂದವಾಗುತ್ತದೆ, ಕಿವಿ ಕೇಳದಾಗುತ್ತದೆ, ಹಿಂಗಾಲು ಏಳದಾಗುತ್ತದೆ. ಆಗ ಅದನ್ನು ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಉತ್ತರವನ್ನು ಮಾತ್ರ ಬಹಳ ಕಾಲದಿಂದ ಕೊಡುತ್ತಲೇ ಬಂದಿದ್ದೇವೆ.

ಆ ಉತ್ತರ ಗೋಣಿಚೀಲ. ಮುದಿ ನಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ದೂರದ ಸಂತೆಯಲ್ಲಿಯೋ, ಗಡಿಯಾಚೆಯ ಕೋಳಿ ಅಂಗಡಿಗಳ ಬಳಿಯೋ ಬಿಟ್ಟು ಬರುವುದು. "ಅಲ್ಲಿ ಎಲುಬಾದರೂ ಸಿಗುತ್ತದೆ, ಹೇಗೋ ಬದುಕಿಕೊಳ್ಳುತ್ತದೆ" ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ.

ಬೇರೆಯವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಮೂವತ್ತು ವರ್ಷಗಳ ಹಿಂದೆ, ಶಿಕ್ಷಕ ತರಬೇತಿಯನ್ನು ಮುಗಿಸಿ ಮೊದಲ ಶಾಲೆಗೆ ಸೇರಿದ ಹೊಸದರಲ್ಲಿ, ನಾನೇ ಈ ಕೆಲಸ ಮಾಡಿದ್ದೇನೆ. ನಮ್ಮ ತಂದೆಯವರು ಸಾಕಿದ್ದ ಕೆಂಚ ಎಂಬ ನಾಯಿಗೆ ಮೈತುಂಬ ಹುಣ್ಣಾಗಿತ್ತು. ತರಕಾರಿ ಸಾಗಿಸುವ ಗಾಡಿಯಲ್ಲಿ ಅದನ್ನು ಒಯ್ದು ಒಂದು ಪೇಟೆಯ ತುದಿಯಲ್ಲಿ ಇಳಿಸಿದೆ. ಗಾಡಿ ಹೊರಟಾಗ ಅದು ಬೆನ್ನಟ್ಟಿ ಬರಲಿಲ್ಲ. ಬರುವ ಶಕ್ತಿ ಅದಕ್ಕಿರಲಿಲ್ಲ. ಇಳಿಸಿದ ಸ್ಥಳದಲ್ಲೇ ಕುಳಿತು ಗಾಡಿಯನ್ನು ನೋಡುತ್ತಿತ್ತು. ಮೂರನೆಯ ದಿನ ಮನಸ್ಸು ತಡೆಯದೆ ಹುಡುಕಿಕೊಂಡು ಹೋದೆ. ಅಲ್ಲಿ ಅದು ಇರಲಿಲ್ಲ. ಕೇಳಿದ ಅಂಗಡಿಯವನಿಗೆ ಅಂಥದೊಂದು ನಾಯಿ ಬಂದದ್ದೇ ನೆನಪಿರಲಿಲ್ಲ.

ಆದ್ದರಿಂದ, ಎರಡು ವರ್ಷಗಳ ಹಿಂದೆ ನಮ್ಮ ಕರಿಯನಿಗೆ ಹದಿಮೂರು ತುಂಬಿ ಹಿಂಗಾಲು ಎಳೆಯಲಾರಂಭಿಸಿದಾಗ ನೆರೆಯ ರೈತರೊಬ್ಬರು, "ಇನ್ನೇನ್ ಮೇಷ್ಟ್ರೇ, ಇದರ ಕಾಲ ಮುಗೀತು. ಚೀಲಕ್ಕೆ ಹಾಕ್ಕೊಂಡು ಆ ಕಡೆ ಬಿಟ್ಟು ಬಂದ್ಬಿಡಿ" ಎಂದು ಹಿತವಾಗಿಯೇ ಹೇಳಿದಾಗ, ನಾನು ಉತ್ತರ ಕೊಡಲಾರದೆ ಒಳಗೆ ಹೋದೆ. ಈ ಬಾರಿ ಆ ದಾರಿ ಬೇಡವೆಂದು ನಿಶ್ಚಯಿಸಿದೆವು. ಆಮೇಲೆ ಕಲಿತದ್ದನ್ನು, ಮಾಡಿದ ತಪ್ಪುಗಳ ಸಮೇತ, ಇಲ್ಲಿ ಹೇಳುತ್ತೇನೆ.

ಕಲ್ಲಿನಲ್ಲಿ ನಿಂತ ನಾಯಿಗಳು

ನಾಯಿಯನ್ನು ಗೌರವಿಸುವುದು ಪಟ್ಟಣದವರ ಹೊಸ ಶೋಕಿ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಿಲಾಶಾಸನ ಕನ್ನಡಿಗರಿಗೆಲ್ಲ ತಿಳಿದಿರಬೇಕಾದುದು. ಕ್ರಿ.ಶ. 949ರ ಸುಮಾರಿನಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ಚೋಳರನ್ನು ಸೋಲಿಸಿದರು. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಮಡಿದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ಅದರ ಹೆಸರಿನಲ್ಲಿ ಕಲ್ಲು ನಿಲ್ಲಿಸಿದನು; ಅದರ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧ ನಡೆದ ತಕ್ಕೋಲ ಇಂದಿನ ತಮಿಳುನಾಡಿನಲ್ಲಿ, ಕಲ್ಲು ನಿಂತ ಆತಕೂರು ಕರ್ನಾಟಕದಲ್ಲಿ. ನಾಯಿಯ ನಿಷ್ಠೆಗೆ ಗಡಿಯಿಲ್ಲ.

ತಮಿಳರಲ್ಲೂ ಇಂಥದೇ ಕಲ್ಲೊಂದಿದೆ. ನಮ್ಮ ಕೃಷ್ಣಗಿರಿ ಜಿಲ್ಲೆಗೆ ಹೊಂದಿಕೊಂಡ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನ ವೀರಗಲ್ಲು ಏಳನೆಯ ಶತಮಾನದ್ದು, ಪಲ್ಲವ ಮಹೇಂದ್ರವರ್ಮನ ಕಾಲದ್ದು. ಕಳ್ಳರೊಡನೆ ಹೋರಾಡಿ ಮಡಿದ ವೀರನ ಜೊತೆಯಲ್ಲಿ ಅವನ ನಾಯಿಯ ರೂಪವೂ ಅಲ್ಲಿದೆ. ಕೋವಿವನ್ ಎಂಬ ಆ ನಾಯಿ ಇಬ್ಬರು ಕಳ್ಳರನ್ನು ಕಚ್ಚಿತೆಂದು ಬರಹ ಹೇಳುತ್ತದೆ. ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಭೈರವನ ವಾಹನ ನಾಯಿ. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ.

ಆದರೂ ಒಂದು ಮಾತು. ಕಲ್ಲು ನಿಲ್ಲಿಸಿದ್ದೆಲ್ಲ ಹೋರಾಡುತ್ತ ಸತ್ತ ನಾಯಿಗಳಿಗೆ. ಮುದಿಯಾಗಿ ಮೂಲೆಯಲ್ಲಿ ಮಲಗಿ ಸತ್ತ ನಾಯಿಗೆ ಯಾರೂ ಕಲ್ಲು ನಿಲ್ಲಿಸಿದಂತಿಲ್ಲ. ನಮ್ಮ ಕರ್ತವ್ಯ ಆರಂಭವಾಗುವುದು ಅಲ್ಲಿಂದ.

ಮುಪ್ಪು ಯಾವಾಗ?

ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎಂಬುದು ಜನಜನಿತವಾದ ಲೆಕ್ಕ. ಇದು ತಪ್ಪು ಲೆಕ್ಕ. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲ್ಯಾಬ್ರಡಾರ್ ನಾಯಿಗಳ ಜೀವಕೋಶಗಳನ್ನು ಪರೀಕ್ಷಿಸಿ, ನಾಯಿ ಮೊದಲಿಗೆ ಬಹುವೇಗವಾಗಿ ಬೆಳೆದು ಆಮೇಲೆ ನಿಧಾನವಾಗಿ ಮುಪ್ಪಾಗುತ್ತದೆಂದು ತೋರಿಸಿದರು. ಅವರ ಲೆಕ್ಕದಲ್ಲಿ ಒಂದು ವರ್ಷದ ನಾಯಿ ಸುಮಾರು ಮೂವತ್ತು ವರ್ಷದ ಮನುಷ್ಯನಿಗೆ ಸಮ. ನಾಲ್ಕು ವರ್ಷದ ನಾಯಿ ಐವತ್ತು ದಾಟಿದವನಿಗೆ ಸಮ. ದೊಡ್ಡ ಮೈಕಟ್ಟಿನ ಜಾತಿಗಳು ಬೇಗ ಮುದಿಯಾಗುತ್ತವೆ. ಆರೇಳು ವರ್ಷಕ್ಕೇ ಅವುಗಳ ಮುಪ್ಪು ತೊಡಗುತ್ತದೆ. ನಮ್ಮ ಊರನಾಯಿಯಂಥ ಮಧ್ಯಮ ಗಾತ್ರದವು ಹತ್ತರ ತನಕ ಗಟ್ಟಿಯಾಗಿರುವುದುಂಟು.

ಮುಪ್ಪು ತಾನೇ ಒಂದು ರೋಗವಲ್ಲ. ಆದರೆ "ವಯಸ್ಸಾಯಿತು, ಅದಕ್ಕೇ ಹೀಗೆ" ಎಂಬ ಮಾತಿನ ಮರೆಯಲ್ಲಿ ಎಷ್ಟೋ ರೋಗಗಳು ಅಡಗಿರುತ್ತವೆ. ಇದ್ದಕ್ಕಿದ್ದಂತೆ ನೀರು ಹೆಚ್ಚು ಕುಡಿದು ಹೆಚ್ಚು ಮೂತ್ರ ಮಾಡಿದರೆ ಅದು ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಸಂತಾನಹರಣ ಚಿಕಿತ್ಸೆ ಆಗದ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಹೀಗೆ ನೀರು ಕುಡಿದು, ಊಟ ಬಿಟ್ಟು, ಮಂಕಾಗಿ ಮಲಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಂಭವವುಂಟು. ಅದು ದಿನಗಳ ಮಾತಲ್ಲ, ಗಂಟೆಗಳ ಮಾತು. ಮೊಲೆಯ ಬಳಿ ಗಂಟು, ವಾಸಿಯಾಗದ ಹುಣ್ಣು, ಕಾರಣವಿಲ್ಲದೆ ಇಳಿದ ತೂಕ, ರಾತ್ರಿಯ ಕೆಮ್ಮು ಇವು ಯಾವುವೂ ಕೇವಲ ಮುಪ್ಪಲ್ಲ. ಆರು ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸುವುದು ಮೇಲು. ಮತ್ತಿಗಿರಿಯಲ್ಲಿ 1824ರಲ್ಲೇ ಜಾನುವಾರು ಫಾರಂ ಕಂಡ ಸೀಮೆ ನಮ್ಮದು. ಎತ್ತಿಗೆ ಕಾಯಿಲೆಯಾದರೆ ವೈದ್ಯರ ಬಳಿಗೆ ಓಡುವುದು ನಮಗೆ ಹೊಸದಲ್ಲ. ನಾಯಿಗೂ ಅದೇ ಆಸ್ಪತ್ರೆ ಇದೆಯೆಂಬುದನ್ನು ಮರೆಯುತ್ತೇವೆ ಅಷ್ಟೆ. ದೊಡ್ಡ ಪರೀಕ್ಷೆ ಬೇಕಾದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ನಾನು ಮಾಡಿದ ತಪ್ಪು

ಕರಿಯನ ಕಾಲುನೋವು ನೋಡಲಾರದೆ ಒಂದು ರಾತ್ರಿ ನಾನು ಮನೆಯಲ್ಲಿದ್ದ ನೋವಿನ ಮಾತ್ರೆಯನ್ನು ಮುದ್ದೆಯಲ್ಲಿ ಮುಚ್ಚಿ ತಿನ್ನಿಸಿದೆ. ಮಾರನೆಯ ದಿನವೂ ತಿನ್ನಿಸಿದೆ. ಮೂರನೆಯ ದಿನ ಅದು ವಾಂತಿ ಮಾಡಿತು. ಮಲ ಟಾರಿನಂತೆ ಕಪ್ಪಾಗಿತ್ತು. ಪಶುವೈದ್ಯರು ನೋಡಿದೊಡನೆ, "ಏನು ಮಾತ್ರೆ ಕೊಟ್ಟಿರಿ ಸಾರ್?" ಎಂದರು. ಹೊಟ್ಟೆಯೊಳಗೆ ರಕ್ತ ಒಸರುತ್ತಿತ್ತು. ಒಂದು ವಾರದ ಔಷಧದಿಂದ ಬದುಕಿತು.

ಓದುಗರು ಇದೊಂದನ್ನು ನೆನಪಿಟ್ಟರೂ ಈ ಲೇಖನ ಸಾರ್ಥಕ. ನಮಗೆ ಹಿತವಾದ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಪ್ರಮಾಣ ತಪ್ಪಿದರೆ ವಿಷ. ನಾಯಿಯ ಕೀಲುನೋವಿಗೆ ತಕ್ಕ ಔಷಧಗಳು ಬೇರೆಯೇ ಇವೆ. ಅವನ್ನು ತೂಕ ನೋಡಿ, ಮೂತ್ರಪಿಂಡ ಸರಿಯಿದೆಯೇ ಎಂದು ನೋಡಿ ವೈದ್ಯರೇ ಕೊಡಬೇಕು.

ಊಟ, ಹಲ್ಲು, ಹಾಸಿಗೆ

ಮುದಿ ನಾಯಿಗೆ ಹೆಚ್ಚು ತಿನ್ನಿಸುವುದೇ ಪ್ರೀತಿ ಎಂದು ಮನೆಯ ಹೆಂಗಸರು ತಿಳಿಯುತ್ತಾರೆ. ಆದರೆ ಬೊಜ್ಜು ಕೀಲಿಗೆ ಶತ್ರು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಿತವಾಗಿ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಕೀಲುಬೇನೆಯೂ ಅವಕ್ಕೆ ತಡವಾಗಿ ಬಂತು. ಆದ್ದರಿಂದ ಮೈ ಸವರಿದರೆ ಪಕ್ಕೆಲುಬು ಕೈಗೆ ತಿಳಿಯುವಷ್ಟು ಮೈ ಇದ್ದರೆ ಸಾಕು.

ನಮ್ಮ ರಾಗಿಮುದ್ದೆ ನಾಯಿಗೆ ವರ್ಜ್ಯವಲ್ಲ. ಆದರೆ ಬರಿಯ ಮುದ್ದೆಯೋ ಬರಿಯ ಅನ್ನವೋ ಸಾಲದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಬೆಂದ ಕುಂಬಳಕಾಯಿ ಜೊತೆಗಿರಲಿ. ಹಲ್ಲು ಸವೆದಿದ್ದರೆ ತೆಳ್ಳಗೆ ಕಲಸಿ, ಎರಡು ಹೊತ್ತಿನ ಊಟವನ್ನು ಮೂರು ಹೊತ್ತಿಗೆ ಹಂಚಿ ಕೊಡಬೇಕು. ಮನೆಯವರು ಉಂಡು ಉಳಿದ ಸಾರನ್ನು ಸುರಿಯುವ ನಮ್ಮ ಅಭ್ಯಾಸ ಒಳ್ಳೆಯದಲ್ಲ; ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಇವೂ ಅಪಾಯ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಮೂತ್ರಪಿಂಡ ಸೋತ ನಾಯಿಗೆ ಮಾಂಸ, ಉಪ್ಪು ಎಷ್ಟೆಂಬುದನ್ನು ವೈದ್ಯರನ್ನೇ ಕೇಳಬೇಕು. ನೀರಿನ ಬಟ್ಟಲನ್ನು ಎಂದೂ ಬರಿದಾಗಿಡಬಾರದು.

ಬಾಯಿಯಿಂದ ಕೆಟ್ಟ ವಾಸನೆ ಬಂದರೆ, ಒಂದೇ ಬದಿಯಲ್ಲಿ ಅಗಿದರೆ, ಹಲ್ಲುಬೇನೆಯೆಂದು ತಿಳಿಯಬೇಕು. ಹಸಿವಿದ್ದೂ ಬಟ್ಟಲಿನ ಮುಂದೆ ನಿಂತು ತಿನ್ನದೆ ಹಿಂದಿರುಗುವ ನಾಯಿಗೆ ಸೊಕ್ಕಲ್ಲ, ನೋವು.

ಹೊಸೂರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯಮಾಸಗಳ ಚಳಿ ಹಳೆಯ ಕೀಲುಗಳನ್ನು ಬಿಗಿಯುತ್ತದೆ. ಗೋಣಿಚೀಲದೊಳಗೆ ಒಣ ರಾಗಿಹುಲ್ಲು ತುಂಬಿ ಹೊಲಿದರೆ ಒಳ್ಳೆಯ ಹಾಸಿಗೆ. ಕರಿಯನಿಗೆ ನಾವು ಮಾಡಿದ್ದು ಅದನ್ನೇ. ಸಾಗಿಸಲು ಬಳಸುತ್ತಿದ್ದ ಚೀಲ ಹಾಸಿಗೆಯಾಯಿತು. ವಾರಕ್ಕೊಮ್ಮೆ ಹುಲ್ಲು ಬದಲಿಸಿ ಚೀಲವನ್ನು ಬಿಸಿಲಿಗೆ ಹಾಕಬೇಕು, ಇಲ್ಲವಾದರೆ ಉಣ್ಣೆ ಸೇರುತ್ತದೆ. ಉಣ್ಣೆಯಿಂದ ಹರಡುವ ಜ್ವರ ಮುದಿ ನಾಯಿಯನ್ನು ಬೇಗ ನೆಲಕ್ಕೆ ಹಾಕುತ್ತದೆ. ಜಾರುವ ಟೈಲ್ಸ್ ನೆಲದ ಮೇಲೆ ಚೀಲದ ತುಂಡುಗಳನ್ನು ಹಾಸಿ ದಾರಿ ಮಾಡಿದರೆ ಏಳುವುದು ಸುಲಭ. ನಡೆದಾಟ ಕಡಿಮೆಯಾದಂತೆ ಉಗುರು ಸವೆಯದೆ ಬೆಳೆದು ಪಾದಕ್ಕೆ ಒತ್ತುತ್ತದೆ, ಕತ್ತರಿಸಿಕೊಡಬೇಕು. ಏಳಲಾರದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಮೈ ಹುಣ್ಣಾಗುತ್ತದೆ.

ಹಾಗೆಂದು ನಡಿಗೆಯನ್ನು ಪೂರ್ತಿ ನಿಲ್ಲಿಸಬಾರದು. ಬೆಳಿಗ್ಗೆ ಸಂಜೆ ಬದುವಿನವರೆಗೆ ನಿಧಾನವಾಗಿ ಹೋಗಿಬರುವುದು ಕಾಲಿಗೂ ಹಿತ, ಮನಸ್ಸಿಗೂ ಹಿತ.

ಕಣ್ಣು, ಕಿವಿ, ಬುದ್ಧಿ

ವಯಸ್ಸಾದ ನಾಯಿಯ ಕಣ್ಣಿನಲ್ಲಿ ನೀಲಿ ಮಬ್ಬು ಕಂಡರೆ ಕುರುಡಾಯಿತೆಂದು ಹೆದರಬೇಕಿಲ್ಲ. ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದೆ. ದೃಷ್ಟಿ ಬಹುಮಟ್ಟಿಗೆ ಇರುತ್ತದೆ. ಬಿಳಿಯ ಪೊರೆ ಬೇರೆ, ಅದು ದೃಷ್ಟಿಯನ್ನು ಕೆಡಿಸುತ್ತದೆ. ಎರಡರ ಭೇದವನ್ನು ವೈದ್ಯರು ಹೇಳಬಲ್ಲರು. ದೃಷ್ಟಿ ಹೋದರೂ ನಾಯಿ ಮನೆಯನ್ನು ಮೂಗಿನಿಂದಲೇ ಓದುತ್ತದೆ. ನಾವು ಮಾಡಬೇಕಾದುದಿಷ್ಟೆ: ಒಲೆಯ ಸೌದೆ, ನೇಗಿಲು, ಬಟ್ಟಲು ಇವುಗಳ ಜಾಗವನ್ನು ಬದಲಿಸಬಾರದು, ತೆರೆದ ಬಾವಿಗೆ ಅಡ್ಡ ಕಟ್ಟಬೇಕು.

ಕಿವಿ ಕೇಳದ ನಾಯಿಯನ್ನು ನಿದ್ದೆಯಲ್ಲಿ ಮುಟ್ಟಬಾರದು. ಬೆಚ್ಚಿ ಕಚ್ಚುವುದು ಅದರ ದೋಷವಲ್ಲ. ಎದುರಿನಿಂದ ಬನ್ನಿ, ನೆಲವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ ಎಂದು ಮಕ್ಕಳಿಗೆ ಕಲಿಸಬೇಕು. ಮುದಿಯಾಯಿತೆಂದು ರೇಬಿಸ್ ಚುಚ್ಚುಮದ್ದನ್ನು ನಿಲ್ಲಿಸುವುದು ದೊಡ್ಡ ತಪ್ಪು. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ರೋಗ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಬಾಗಿಲಲ್ಲಿ ಮಲಗಿದ ಮುದುಕನಿಗೂ ಹಾದುಹೋಗುವ ಹುಚ್ಚುನಾಯಿ ಕಚ್ಚಬಹುದು.

ಹದಿನಾಲ್ಕು ದಾಟಿದ ಮೇಲೆ ಕರಿಯನಿಗೆ ಇನ್ನೊಂದು ಬದಲಾವಣೆ ಬಂತು. ರಾತ್ರಿಯೆಲ್ಲ ಅಂಗಳದಲ್ಲಿ ಸುತ್ತುವುದು, ಗೋಡೆಯ ಮೂಲೆಯಲ್ಲಿ ಸಿಕ್ಕಿ ಹಿಂದಿರುಗಲು ತಿಳಿಯದೆ ನಿಲ್ಲುವುದು, ಬಾಗಿಲು ತೆರೆಯುವ ಬದಿಯನ್ನು ಬಿಟ್ಟು ತಿರುಗಣಿಯ ಬದಿಯಲ್ಲಿ ಕಾಯುವುದು. ಮನುಷ್ಯರ ಮರೆವಿನ ರೋಗದಂಥದು ನಾಯಿಗೂ ಬರುತ್ತದೆಂದು ವೈದ್ಯರು ತಿಳಿಸಿದರು. ಸಣ್ಣ ದೀಪವೊಂದನ್ನು ಉರಿಸಿಡುವುದು, ಊಟ ನಡಿಗೆಗಳ ವೇಳೆಯನ್ನು ತಪ್ಪಿಸದಿರುವುದು ಬಹಳ ಸಹಾಯ. ಮನೆಯೊಳಗೆ ಮೂತ್ರ ಮಾಡಿದಾಗ ಬೈಯಬಾರದು. ಮುದಿ ತಂದೆತಾಯಿಯರನ್ನು ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಜರಿ ಪುಸ್ತಕ

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಎಲ್ಲಿಯವರೆಗೆ? ವಾಸಿಯಾಗದ ನೋವಿನಲ್ಲಿರುವ ಪ್ರಾಣಿಗೆ ಪಶುವೈದ್ಯರು ದಯಾಮರಣ ಕೊಡಬಹುದು. ಮೊದಲು ನಿದ್ದೆಯ ಔಷಧ, ಆಮೇಲೆ ಹೆಚ್ಚಿನ ಪ್ರಮಾಣದ ಅರಿವಳಿಕೆ; ಕೆಲವು ನಿಮಿಷಗಳಲ್ಲಿ, ನೋವಿಲ್ಲದೆ ಉಸಿರು ನಿಲ್ಲುತ್ತದೆ. ನನ್ನ ಮಡದಿಗೆ ಇದು ಒಪ್ಪಿಗೆಯಾಗಲಿಲ್ಲ. "ಅನ್ನ ಹಾಕಿದ ಕೈಯಲ್ಲಿ ಅದನ್ನ ಮಾಡಿಸೋದಾ? ಹೊತ್ತು ಬಂದಾಗ ತಾನೇ ಹೋಗುತ್ತೆ" ಎಂದಳು. ಅವಳ ಮಾತಿನಲ್ಲಿ ತಪ್ಪಿದೆಯೆಂದು ನಾನು ಇಂದಿಗೂ ಹೇಳಲಾರೆ.

ವೈದ್ಯರು ಒಂದು ಉಪಾಯ ಹೇಳಿದರು. ದಿನದ ಕೊನೆಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಉಂಡಿತೇ, ಎದ್ದು ನಿಂತಿತೇ, ತನ್ನ ಮೈಯನ್ನು ಶುಚಿಯಾಗಿ ಇಟ್ಟುಕೊಂಡಿತೇ, ನಿಮ್ಮನ್ನು ಕಂಡು ಬಾಲ ಆಡಿಸಿತೇ. ಒಳ್ಳೆಯ ದಿನ, ಕೆಟ್ಟ ದಿನ ಎಂದು ಬರೆದಿಡಿ. ಶಾಲೆಯಲ್ಲಿ ಬಳಸದೆ ಉಳಿದ ಹಳೆಯ ಹಾಜರಿ ಪುಸ್ತಕದಲ್ಲಿ ನಾನು ಬರೆಯತೊಡಗಿದೆ. ಆಷಾಢದಲ್ಲಿ ಹೆಚ್ಚಿನವು ಒಳ್ಳೆಯ ದಿನಗಳು. ಭಾದ್ರಪದದಲ್ಲಿ ಸಮಸಮ. ಕಾರ್ತಿಕದಲ್ಲಿ ಒಂದು ವಾರ ಪೂರ್ತಿ ಒಂದೂ ಒಳ್ಳೆಯ ದಿನವಿರಲಿಲ್ಲ. ಪುಸ್ತಕವನ್ನು ಮಡದಿಯ ಮುಂದಿಟ್ಟೆ. ಬಹಳ ಹೊತ್ತು ನೋಡಿ, "ವೈದ್ಯರನ್ನ ಮನೆಗೇ ಕರೀರಿ. ಅಲ್ಲಿಗೆಲ್ಲ ಹೊತ್ತುಕೊಂಡು ಹೋಗೋದು ಬೇಡ" ಎಂದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಅದು ಮಲಗಿತು. ಮತ್ತೆ ಏಳಲಿಲ್ಲ.

ಬಾವಿಯಿಂದ ದೂರದಲ್ಲಿ, ಹೊಲದ ಬದುವಿನ ಮೇಲೆ ನಾಲ್ಕಡಿ ಆಳದ ಗುಂಡಿ ತೋಡಿ, ಸುಣ್ಣ ಹರಡಿ ಮಣ್ಣು ಮಾಡಿದೆವು. ಮೇಲೊಂದು ಹೊಂಗೆಸಸಿ ನೆಟ್ಟೆವು.

ಬಿಟ್ಟು ಬರುವವರಿಗೆ ಒಂದು ಮಾತು

1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು ಅಪರಾಧ. ಮೊದಲ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಈ ಮೊತ್ತಕ್ಕೆ ಯಾರೂ ಹೆದರುವುದಿಲ್ಲ. ನನಗೆ ಬಿದ್ದ ದಂಡ ಬೇರೆ. ಮೂವತ್ತು ವರ್ಷದಿಂದ ಆ ಪೇಟೆಯ ಮೂಲಕ ಬಸ್ಸು ಹೋಗುವಾಗಲೆಲ್ಲ ನಾನು ಕಿಟಕಿಯ ಹೊರಗೆ ನೋಡುವುದಿಲ್ಲ.

ಕರಿಯನ ಶುಶ್ರೂಷೆಗೆ ದುಡ್ಡು ಬಹಳ ಆಗಲಿಲ್ಲ, ತಾಳ್ಮೆ ಬೇಕಾಯಿತು. ಚೀಲ ತರಲು ಹೇಳಿದ ನೆರೆಯವರೇ ಕೊನೆಯ ದಿನ ಗುಂಡಿ ತೋಡಲು ಗುದ್ದಲಿ ಹಿಡಿದು ಬಂದರು. ಅವರ ಮನೆಯ ನಾಯಿಗೆ ಈಗ ಹನ್ನೊಂದು. ಮೊನ್ನೆ ಬಂದು, "ಮೇಷ್ಟ್ರೇ, ಆ ರಾಗಿಹುಲ್ಲಿನ ಹಾಸಿಗೆ ಹೆಂಗೆ ಹೊಲೀಬೇಕು?" ಎಂದು ಕೇಳಿದರು. ಮಡದಿ ಚೀಲವನ್ನೂ ದಬ್ಬಣವನ್ನೂ ತೆಗೆದುಕೊಂಡು ಅವರ ಮನೆಗೆ ಹೋದಳು.